ಮುಂಬಯಿ ಮನೆಯ ಹಾಲ್‌ಗೆ ತ್ರೀಡಿ ಬೇಕೆ? ಹಳೆಯ ಟಿವಿ, ಪ್ರೊಜೆಕ್ಟರ್, ಹೆಡ್‌ಸೆಟ್‌ಗಳ ಹೋಲಿಕೆ

ಡೊಂಬಿವಲಿ, ಮೀರಾ ರೋಡ್, ವಾಶಿ ಕಡೆಯ ನಮ್ಮವರ ಮನೆಗಳಲ್ಲಿ ಒಂದೇ ಪ್ರಶ್ನೆ ಎರಡು ಬಗೆಯಲ್ಲಿ ಕೇಳಿಬರುತ್ತದೆ. ಮನೆ ಬದಲಿಸುವ ಯಾರೋ ತಮ್ಮ ಹಳೆಯ ತ್ರೀಡಿ ಟಿವಿಯನ್ನು ಅಗ್ಗಕ್ಕೆ ಕೊಡುತ್ತಿದ್ದಾರೆ, ತೆಗೆದುಕೊಳ್ಳಬಹುದೇ ಎಂಬುದು ಒಂದು. ಕಾಲೇಜಿಗೆ ಹೋಗುವ ಮಗ ಕಣ್ಣಿಗೆ ಪರದೆಯನ್ನೇ ಕಟ್ಟಿಕೊಂಡು ನೋಡುವ ಹೆಡ್‌ಸೆಟ್ ಬೇಕೆಂದು ಹಟ ಹಿಡಿದಿದ್ದಾನೆ, ಅಷ್ಟು ದುಡ್ಡು ಸುರಿಯುವುದು ಸರಿಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಕೊಡುವ ಮೊದಲು ನಾನು ಕೇಳುವುದು ಬೇರೆಯೇ: ನಿಮ್ಮ ಹಾಲ್ ಎಷ್ಟು ಉದ್ದ, ಸಂಜೆ ಅದನ್ನು ಕತ್ತಲು ಮಾಡಲು ಆಗುತ್ತದೆಯೇ, ಅಲ್ಲಿ ಕುಳಿತು ನೋಡುವವರು ಎಷ್ಟು ಜನ?

ತ್ರೀಡಿಯನ್ನು ತಮಾಷೆಯ ವಸ್ತುವೆಂದು ತಳ್ಳಿಹಾಕುವವರ ಸಾಲಿನಲ್ಲಿ ನಾನಿಲ್ಲ. ಒಳ್ಳೆಯ ತ್ರೀಡಿ ಚಿತ್ರದಲ್ಲಿ ಮಳೆಹನಿಗೂ ಅದರ ಹಿಂದಿನ ಮುಖಕ್ಕೂ ನಡುವೆ ಗಾಳಿ ಇರುವುದು ಕಾಣುತ್ತದೆ. ಆ ಗಾಳಿಗಾಗಿಯೇ ನಾನು ಅದನ್ನು ನೋಡುತ್ತೇನೆ. ಹಾಗಿದ್ದೂ ಹೇಳುತ್ತೇನೆ: ತ್ರೀಡಿ ಇದೆ ಎಂಬ ಒಂದೇ ಕಾರಣಕ್ಕೆ ಹಳೆಯ ಟಿವಿಗೆ ದುಡ್ಡು ಕೊಡಬೇಡಿ. ಮನೆಮಂದಿ ಒಟ್ಟಿಗೆ ಕುಳಿತು ಸಿನಿಮಾ ನೋಡುವ ಆಸೆಯಿದ್ದರೆ ಪ್ರೊಜೆಕ್ಟರ್ ತನ್ನಿ. ಒಬ್ಬರೇ ಗೇಮ್ ಆಡುವುದಾದರೆ ಹೆಡ್‌ಸೆಟ್ ತನ್ನಿ. ಎರಡಕ್ಕೂ ಜಾಗವಿಲ್ಲದಿದ್ದರೆ ಆ ದುಡ್ಡಿಗೆ ಒಳ್ಳೆಯ ಮಾಮೂಲಿ ಟಿವಿಯೇ ಮೇಲು. ಇದು ರುಚಿಯ ಮಾತಲ್ಲ, ಲೆಕ್ಕದ ಮಾತು.

ಆಳಕ್ಕೆ ಅಗಲ ಬೇಕು

ದೊಡ್ಡವರಲ್ಲಿ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 6.3 ಸೆಂಟಿಮೀಟರ್. ಹಾಗಾಗಿ ಎರಡು ಕಣ್ಣಿಗೂ ಕಾಣುವ ನೋಟ ತುಸು ಬೇರೆ ಬೇರೆ. ಆ ವ್ಯತ್ಯಾಸದಿಂದಲೇ ಮೆದುಳು ಆಳವನ್ನು ಕಟ್ಟಿಕೊಳ್ಳುತ್ತದೆ ಎಂಬುದನ್ನು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲಿ ಎರಡು ಕನ್ನಡಿಗಳ ಸಾಧನವೊಂದರಿಂದ ತೋರಿಸಿಕೊಟ್ಟರು. ಇಂದಿನ ಟಿವಿ, ಪ್ರೊಜೆಕ್ಟರ್, ಹೆಡ್‌ಸೆಟ್ ಎಲ್ಲವೂ ಮಾಡುವುದು ಅದನ್ನೇ: ಎಡಗಣ್ಣಿಗೊಂದು, ಬಲಗಣ್ಣಿಗೊಂದು ಚಿತ್ರ ತಲುಪಿಸುವುದು.

ಪರದೆಯ ಮೇಲೆ ಈ ಎರಡು ಚಿತ್ರಗಳು ಎಷ್ಟು ಸೆಂಟಿಮೀಟರ್ ಸರಿದು ನಿಂತಿವೆ ಎಂಬುದರ ಮೇಲೆ ಆಳ ನಿಂತಿದೆ. ಸಿನಿಮಾದಲ್ಲಿ ಈ ಸರಿತ ಪರದೆಯ ಅಗಲದ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ದೂರದ ಬೆಟ್ಟವೊಂದಕ್ಕೆ ಪರದೆಯ ಅಗಲದ ಶೇ. 1ರಷ್ಟು ಸರಿತ ಕೊಟ್ಟಿದ್ದಾರೆ ಎನ್ನೋಣ. 55 ಇಂಚಿನ ಟಿವಿಯ ಅಗಲ ಸುಮಾರು 122 ಸೆಂಟಿಮೀಟರ್, ಹಾಗಾಗಿ ಸರಿತ 1.2 ಸೆಂಟಿಮೀಟರ್. ಎರಡೂವರೆ ಮೀಟರ್ ದೂರದ ಸೋಫಾದಲ್ಲಿ ಕುಳಿತವರಿಗೆ ಆ ಬೆಟ್ಟ ಟಿವಿಯಿಂದ ಎರಡೇ ಅಡಿ ಹಿಂದೆ ನಿಂತಂತೆ ಕಾಣುತ್ತದೆ. ಅದೇ ಸೋಫಾದಿಂದ ಅದೇ ಸಿನಿಮಾವನ್ನು 100 ಇಂಚಿನ ಪರದೆಯಲ್ಲಿ ನೋಡಿದರೆ ಅಗಲ 221 ಸೆಂಟಿಮೀಟರ್, ಬೆಟ್ಟ ನಾಲ್ಕೂವರೆ ಅಡಿಯ ಹತ್ತಿರಕ್ಕೆ ಹಿಂದೆ ಸರಿಯುತ್ತದೆ. 120 ಇಂಚಿಗೆ ಹೋದರೆ ಆರು ಅಡಿ. ಥಿಯೇಟರಿನ ಹತ್ತು ಮೀಟರ್ ಅಗಲದ ಪರದೆಯಲ್ಲಿ ಅದೇ ಶೇ. 1 ಎಂದರೆ ಹತ್ತು ಸೆಂಟಿಮೀಟರ್. ಕಣ್ಣುಗಳ ನಡುವಿನ ಅಂತರವನ್ನೇ ಅದು ದಾಟಿತು, ಬೆಟ್ಟ ದಿಗಂತದಲ್ಲೇ ನಿಂತಿತು. ಹೀಗೆ ದಾಟಿದಾಗ ಕಣ್ಣುಗಳು ತುಸು ಹೊರಮುಖವಾಗಿ ತಿರುಗಬೇಕಾಗುತ್ತದೆ, ಇನ್ನೂ ಹೆಚ್ಚು ಸರಿಸಿದರೆ ತಲೆನೋವು ಬರುತ್ತದೆ. ಆದ್ದರಿಂದ ದೊಡ್ಡ ಪರದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಳೆದು ಸುರಿದ ಆಳ ಅದು. ಟಿವಿಗೆ ಇಳಿಯುವಷ್ಟರಲ್ಲಿ ಬತ್ತಿರುತ್ತದೆ.

2009ರ ಕೊನೆಗೆ ‘ಅವತಾರ್’ ಬಂದು, ಮರುವರ್ಷ ಅಂಗಡಿಗಳ ತುಂಬ ತ್ರೀಡಿ ಟಿವಿಗಳು ಸಾಲುಗಟ್ಟಿದಾಗ ಈ ಲೆಕ್ಕವನ್ನು ಗಿರಾಕಿಗೆ ಯಾರೂ ಹೇಳಲಿಲ್ಲ. ಥಿಯೇಟರಿನಲ್ಲಿ ಕಂಡದ್ದೇ ಮನೆಯಲ್ಲೂ ಕಾಣುತ್ತದೆ ಎಂದು ಜನ ನಂಬಿದರು. ಕಾಣಲಿಲ್ಲ. ಯಂತ್ರ ಕೆಟ್ಟದ್ದೇನೂ ಆಗಿರಲಿಲ್ಲ, ಅಳತೆ ಸಾಲುತ್ತಿರಲಿಲ್ಲ. ಸ್ಯಾಮ್ಸಂಗ್ 2016ರಲ್ಲಿ, ಎಲ್‌ಜಿ ಮತ್ತು ಸೋನಿ 2017ರಲ್ಲಿ ತ್ರೀಡಿ ಕೈಬಿಟ್ಟವು. ಅಲ್ಲಿಂದಾಚೆಗೆ ದೊಡ್ಡ ಹೆಸರಿನ ಯಾವ ಹೊಸ ಟಿವಿಯಲ್ಲೂ ಅದು ಇಲ್ಲ. ಹೊಸ ಟಿವಿಯಲ್ಲಿ ತ್ರೀಡಿ ಇದೆಯೇ ಎಂದು ಅಂಗಡಿಯಿಂದ ಅಂಗಡಿಗೆ ಅಲೆಯುವವರು ಆ ಓಡಾಟ ನಿಲ್ಲಿಸಬಹುದು.

ಗೇಮ್‌ನ ಮಾತು ಬೇರೆ. ಸಿನಿಮಾದ ಆಳ ಸ್ಟುಡಿಯೋದಲ್ಲಿ ಒಮ್ಮೆ ಗಟ್ಟಿಯಾಗಿಬಿಟ್ಟಿರುತ್ತದೆ. ಗೇಮ್‌ನ ಚಿತ್ರ ಆಡುವ ಹೊತ್ತಿಗೆ ಹುಟ್ಟುತ್ತದೆ. ನಿಮ್ಮ ಪರದೆಗೆ ಎಷ್ಟು ಬೇಕೋ ಅಷ್ಟು ಆಳವನ್ನು ಸೆಟ್ಟಿಂಗಿನಲ್ಲಿ ಏರಿಸಿಕೊಳ್ಳಬಹುದು. ಚಿಕ್ಕ ಪರದೆಯಲ್ಲೂ ಗೇಮ್ ಸಿನಿಮಾಕ್ಕಿಂತ ಚೆನ್ನಾಗಿ ಕಾಣುವುದು ಇದರಿಂದ. ನನ್ನ ಹೋಲಿಕೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತದೆ.

ದುಡ್ಡಿಗೆ ಮೊದಲು ಕಣ್ಣು

ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆಯಿದೆ. ಹೆಬ್ಬೆರಳನ್ನು ಮುಖದ ಮುಂದೆ ತೋಳಿನಳತೆಯಲ್ಲಿ ಹಿಡಿದು, ದೃಷ್ಟಿಯನ್ನು ಎದುರಿನ ಗೋಡೆಯ ಮೇಲೆ ನೆಡಿ. ಹೆಬ್ಬೆರಳು ಎರಡಾಗಿ ಕಾಣಬೇಕು. ಈಗ ಹೆಬ್ಬೆರಳನ್ನೇ ನೋಡಿ. ಗೋಡೆಯ ಗಡಿಯಾರ ಎರಡಾಗಬೇಕು. ಎಷ್ಟು ಪ್ರಯತ್ನಿಸಿದರೂ ಒಂದೇ ಹೆಬ್ಬೆರಳು ಕಂಡರೆ ಒಂದು ಕಣ್ಣಿನ ನೋಟವನ್ನು ಮೆದುಳು ಬದಿಗೆ ಸರಿಸುತ್ತಿರಬಹುದು. ಮೆಳ್ಳೆಗಣ್ಣು ಇದ್ದವರಿಗೆ, ಚಿಕ್ಕಂದಿನಲ್ಲಿ ಒಂದು ಕಣ್ಣು ಸೋಮಾರಿಯಾಗಿದ್ದವರಿಗೆ ಹೀಗಾಗುವುದುಂಟು. ಅಂಥವರಿಗೆ ಯಾವ ತ್ರೀಡಿಯೂ ತೆರೆದುಕೊಳ್ಳುವುದಿಲ್ಲ. ಕಣ್ಣಿನ ವೈದ್ಯರ ಬಳಿ ಇದಕ್ಕೆಂದೇ ದೊಡ್ಡ ನೊಣದ ಚಿತ್ರವಿರುವ ಪುಸ್ತಕವಿರುತ್ತದೆ. ಒಂದೊಂದು ಕಣ್ಣಿಗೆ ಬೆಳಕಿನ ಒಂದೊಂದು ಬಗೆಯನ್ನಷ್ಟೇ ಬಿಡುವ ಧ್ರುವೀಕರಣದ (ಪೋಲರೈಸ್ಡ್) ಕನ್ನಡಕ ಹಾಕಿ ನೊಣದ ರೆಕ್ಕೆ ಹಿಡಿಯಲು ಹೇಳುತ್ತಾರೆ. ಆಳ ಕಾಣುವ ಮಗು ಕಾಗದದಿಂದ ಮೇಲೆ, ಗಾಳಿಯಲ್ಲಿ ರೆಕ್ಕೆಯನ್ನು ಚಿವುಟುತ್ತದೆ. ಮನೆಯಲ್ಲಿ ನಾಲ್ವರಿದ್ದು ಒಬ್ಬರಿಗೆ ಆಳ ಕಾಣುವುದಿಲ್ಲ ಎಂದಾದರೆ ಅವರು ಪ್ರತಿ ಸಲ ಸುಮ್ಮನೆ ಮಬ್ಬು ಚಿತ್ರ ನೋಡುತ್ತ ಕೂರಬೇಕು. ಆ ಮಾತನ್ನು ಮೊದಲೇ ಆಡಿಕೊಳ್ಳಿ.

ಆಳ ಕಾಣುವವರಿಗೂ ದಣಿವು ಇದೆ. ಕಣ್ಣಿನ ಮಸೂರ ಪರದೆಯ ದೂರಕ್ಕೆ ಹೊಂದಿಕೊಂಡಿರುತ್ತದೆ, ಕಣ್ಣುಗುಡ್ಡೆಗಳು ಮಾತ್ರ ಅದರಾಚೆಗೋ ಈಚೆಗೋ ಕೂಡಿಕೊಳ್ಳುತ್ತವೆ. ನಿಜ ಜಗತ್ತಿನಲ್ಲಿ ಜೊತೆಯಾಗಿ ನಡೆಯುವ ಈ ಎರಡು ಕೆಲಸ ಇಲ್ಲಿ ಬೇರೆ ಬೇರೆಯಾಗುತ್ತವೆ. ಚಿಕ್ಕ ಮಕ್ಕಳ ವಿಷಯದಲ್ಲಿ ತಯಾರಕರೇ ಎಚ್ಚರಿಸಿದ್ದಾರೆ: ನಿಂಟೆಂಡೊ ತನ್ನ ತ್ರೀಡಿಎಸ್ ಯಂತ್ರದ ತ್ರೀಡಿಯನ್ನು 6 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಬೇಡವೆಂದಿತು, ಮೆಟಾ ತನ್ನ ಹೆಡ್‌ಸೆಟ್‌ಗೆ 10 ವರ್ಷದ ಮಿತಿ ಇಟ್ಟಿದೆ, ಅದೂ ತಂದೆತಾಯಿಯ ಹಿಡಿತದ ಖಾತೆಯಲ್ಲಿ. ಮೊಮ್ಮಗನ ಹುಟ್ಟುಹಬ್ಬಕ್ಕೆ ಹೆಡ್‌ಸೆಟ್ ಕೊಡಿಸಲು ಹೊರಟ ಅಜ್ಜ ಅಜ್ಜಿಯರು ದಯವಿಟ್ಟು ಇದನ್ನು ಗಮನಿಸಬೇಕು.

ಹಳೆಯ ಟಿವಿ: ಎರಡು ಜಾತಿ

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸಿಗುವುದು ಎರಡು ಜಾತಿಯ ತ್ರೀಡಿ ಟಿವಿಗಳು. ಒಂದರಲ್ಲಿ ಕನ್ನಡಕದ ಗಾಜೇ ಸರದಿಯಂತೆ ಮುಚ್ಚಿ ತೆರೆಯುತ್ತದೆ. ಟಿವಿ ಎಡ, ಬಲ, ಎಡ, ಬಲ ಎಂದು ಚಿತ್ರ ಬದಲಿಸುತ್ತದೆ, ಬ್ಯಾಟರಿಯ ಕನ್ನಡಕ ಅದಕ್ಕೆ ತಾಳ ಹಾಕುತ್ತದೆ. ಇದನ್ನು ಆ್ಯಕ್ಟಿವ್ ಎನ್ನುತ್ತಾರೆ. ಇನ್ನೊಂದು ಪ್ಯಾಸಿವ್, ಎಲ್‌ಜಿ 2011ರಿಂದ ಜನಪ್ರಿಯಗೊಳಿಸಿದ್ದು. ಪರದೆಯ ಮೇಲೆ ಸಾಲು ಬಿಟ್ಟು ಸಾಲಿಗೆ ಒಂದೊಂದು ಬಗೆಯ ಧ್ರುವೀಕರಣದ ಪೊರೆ ಅಂಟಿಸಿರುತ್ತಾರೆ. ಥಿಯೇಟರಿನಲ್ಲಿ ಕೊಡುವಂಥ ಹಗುರ ಕನ್ನಡಕ ಸಾಕು.

ಆ್ಯಕ್ಟಿವ್‌ನಲ್ಲಿ ಪ್ರತಿ ಕಣ್ಣಿಗೂ ಫುಲ್ ಎಚ್‌ಡಿ ಪರದೆಯ ಪೂರ್ತಿ 1080 ಅಡ್ಡಸಾಲು ಸಿಗುತ್ತವೆ. ಬೆಳಕು ಮಾತ್ರ ಅರ್ಧಕ್ಕಿಂತ ಎಷ್ಟೋ ಕಡಿಮೆ. ಜೊತೆಗೆ ನಮ್ಮ ಮನೆಗಳ ಟ್ಯೂಬ್‌ಲೈಟ್ ಇದಕ್ಕೆ ಶತ್ರು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕನ್ನಡಕದ ಒಂದೊಂದು ಗಾಜು ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ತೆರೆಯುತ್ತದೆ. ಎರಡೂ ತಾಳ ತಪ್ಪಿ, ಟಿವಿಯ ಪಕ್ಕದ ಗೋಡೆ, ದೇವರ ಪಟ, ಕ್ಯಾಲೆಂಡರ್ ಎಲ್ಲ ಅದುರತೊಡಗುತ್ತವೆ. ಟಿವಿ ಕೆಟ್ಟಿದೆ ಎಂದು ಎಷ್ಟೋ ಜನ ಇದನ್ನೇ ಬೈದದ್ದುಂಟು. ದೀಪ ಆರಿಸಿದರೆ ಅದುರುವುದು ನಿಲ್ಲುತ್ತದೆ.

ಪ್ಯಾಸಿವ್‌ನಲ್ಲಿ ಅದುರುವುದಿಲ್ಲ, ಕಣ್ಣಿಗೆ ಹಿತ, ಬೆಳಕೂ ಹೆಚ್ಚು. ನಷ್ಟವಾಗುವುದು ಸಾಲುಗಳಲ್ಲಿ. ಫುಲ್ ಎಚ್‌ಡಿ ಟಿವಿಯಾದರೆ ಪ್ರತಿ ಕಣ್ಣಿಗೆ 540 ಸಾಲು ಮಾತ್ರ, ಹತ್ತಿರ ಕುಳಿತರೆ ಅಡ್ಡಗೆರೆ ಕಾಣುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೂರುವ ಎತ್ತರದ್ದು. ಪೊರೆಗೂ ಅದರ ಹಿಂದಿನ ಬಿಂದುಗಳಿಗೂ ನಡುವೆ ಗಾಜಿನ ದಪ್ಪವಿದೆ. ಕಣ್ಣು ಪರದೆಯ ಮಟ್ಟಕ್ಕೆ ಇದ್ದರಷ್ಟೇ ಸಾಲುಗಳು ಸರಿಯಾದ ಕಣ್ಣಿಗೆ ಸೇರುತ್ತವೆ. ನಮ್ಮಲ್ಲಿ ಟಿವಿಯನ್ನು ಗೋಡೆಗೆ ಎತ್ತರದಲ್ಲಿ ಹೊಡೆಯುತ್ತಾರೆ, ಮಕ್ಕಳು ಚಾಪೆ ಹಾಸಿಕೊಂಡು ಕೆಳಗೆ ಕೂರುತ್ತಾರೆ. ಸೋಫಾದ ಮೇಲಿನ ಅಪ್ಪನಿಗೆ ಸೊಗಸಾದ ಆಳ ಕಂಡಾಗ, ಅವರ ಕಾಲ ಬಳಿ ಕುಳಿತ ಮಗಳಿಗೆ ಪ್ರತಿ ಮುಖದ ಪಕ್ಕದಲ್ಲೂ ಇನ್ನೊಂದು ಮುಖದ ನೆರಳು ಕಾಣುತ್ತದೆ. ಹಿಂದೆ ಸರಿದು ಕುಳಿತರೆ, ಟಿವಿಯನ್ನು ತುಸು ಕೆಳಕ್ಕೆ ಬಾಗಿಸಿದರೆ ಸುಧಾರಿಸುತ್ತದೆ. ಪಕ್ಕಕ್ಕೆ ಮಲಗಿ ನೋಡುವ ಅಭ್ಯಾಸವಿದ್ದವರಿಗಂತೂ ಯಾವ ಜಾತಿಯ ಟಿವಿಯೂ ಆಗಿಬರುವುದಿಲ್ಲ. ಎರಡು ಕಣ್ಣೂ ಅಡ್ಡಕ್ಕೆ ಒಂದೇ ಮಟ್ಟದಲ್ಲಿ ಇರಲೇಬೇಕು.

ಪ್ಯಾಸಿವ್ ಜಾತಿಯಲ್ಲಿ ನಾನು ಮನಸಾರೆ ಮೆಚ್ಚುವುದು ಒಂದನ್ನು: ಎಲ್‌ಜಿಯ 2016ರ 4ಕೆ ಓಎಲ್‌ಇಡಿ (ಪ್ರತಿ ಬಿಂದುವೂ ತಾನೇ ಬೆಳಗುವ) ಟಿವಿಗಳು, ಸಿ6, ಇ6, ಜಿ6. 4ಕೆ ಪರದೆಯಾದ್ದರಿಂದ ಸಾಲು ಹಂಚಿಕೊಂಡ ಮೇಲೂ ಪ್ರತಿ ಕಣ್ಣಿಗೆ 1080 ಸಾಲು ಉಳಿಯುತ್ತವೆ, ಕಪ್ಪು ನಿಜವಾದ ಕಪ್ಪು. ಮನೆಯ ತ್ರೀಡಿ ಟಿವಿ ಮುಟ್ಟಿದ ಶಿಖರ ಅದು. ಆದರೆ ಅಷ್ಟು ವರ್ಷ ಓಡಿದ ಓಎಲ್‌ಇಡಿಯಲ್ಲಿ ಸುದ್ದಿವಾಹಿನಿಯ ಪಟ್ಟಿ ಅಚ್ಚೊತ್ತಿ ಕುಳಿತಿರುವ ಸಾಧ್ಯತೆ ಹೆಚ್ಚು. ಪೂರ್ತಿ ಬೂದು ಬಣ್ಣದ ಚಿತ್ರ ಹಾಕಿಸಿ ನೋಡದೆ ಕೊಳ್ಳಬೇಡಿ.

ನಿಮ್ಮ ಮನೆಯಲ್ಲೇ ಹಳೆಯ ತ್ರೀಡಿ ಟಿವಿ ಇದ್ದು, ಚಿತ್ರ ಚೆನ್ನಾಗಿದ್ದರೆ, ಅದನ್ನು ಭಂಗಾರ್‌ವಾಲಾನಿಗೆ ಕೊಡಬೇಡಿ. ಮಲಗುವ ಕೋಣೆಗೆ ಸಾಗಿಸಿ, ಅಲ್ಲಿ ನೋಡಿ. ದುಡ್ಡು ಕೊಟ್ಟು ತರುವುದು ಬೇರೆ, ಇರುವುದನ್ನು ಬಳಸುವುದು ಬೇರೆ.

ನೋಡುವುದಕ್ಕೆ ಏನು ಸಿಗುತ್ತದೆ

ಇದು ಎಲ್ಲಕ್ಕಿಂತ ಕಹಿಯಾದ ಭಾಗ. ಅಮೆರಿಕದ ಇಎಸ್‌ಪಿಎನ್ ತ್ರೀಡಿ ವಾಹಿನಿ 2010ರ ಜೂನ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನೊಂದಿಗೆ ಶುರುವಾಗಿ 2013ರಲ್ಲಿ ಮುಚ್ಚಿತು. ಅದೇ ವರ್ಷ ಬಿಬಿಸಿ ತ್ರೀಡಿ ಕಾರ್ಯಕ್ರಮ ನಿಲ್ಲಿಸಿತು, 2015ರಲ್ಲಿ ಬ್ರಿಟನ್ನಿನ ಸ್ಕೈ ತ್ರೀಡಿ ವಾಹಿನಿಯೂ ಹೋಯಿತು. ನಾವು ದಿನವೂ ತೆರೆಯುವ ಸ್ಟ್ರೀಮಿಂಗ್ ಆ್ಯಪ್‌ಗಳು ಟಿವಿಗೆ ತ್ರೀಡಿ ಸಿನಿಮಾ ಕೊಡುವುದಿಲ್ಲ. ಕನ್ನಡದಲ್ಲೇ 2019ರ ‘ಕುರುಕ್ಷೇತ್ರ’, 2022ರ ‘ವಿಕ್ರಾಂತ್ ರೋಣ’ ಥಿಯೇಟರಿಗೆ ತ್ರೀಡಿಯಲ್ಲಿ ಬಂದವು. ಮನೆಯ ಆ್ಯಪ್‌ನಲ್ಲಿ ಅವು ಸಪಾಟು ಚಿತ್ರಗಳೇ. ಅಷ್ಟು ಶ್ರಮಪಟ್ಟು ಕಟ್ಟಿದ ಆಳ ನಮ್ಮ ಮನೆಗೆ ಬರುವ ದಾರಿಯಲ್ಲೇ ಕಳೆದುಹೋಗುತ್ತದೆ ಎಂಬುದು ನನಗೆ ಈಗಲೂ ನೋವಿನ ಸಂಗತಿ.

ಉಳಿದಿರುವುದು ತ್ರೀಡಿ ಬ್ಲೂ-ರೇ ಡಿಸ್ಕ್. ಹಿಂದೆ ಕಾಲಾಘೋಡಾದ ರಿದಮ್ ಹೌಸ್‌ಗೆ ಹೋಗಿ ಡಿಸ್ಕ್ ಆರಿಸಿ ತರಬಹುದಿತ್ತು. ಅದು 2016ರಲ್ಲಿ ಬಾಗಿಲು ಹಾಕಿತು. ಈಗ ಹೆಚ್ಚಿನವನ್ನು ಹೊರದೇಶದಿಂದ ತರಿಸಬೇಕು, ಸಾಗಣೆ ಮತ್ತು ಸುಂಕ ಸೇರಿ ಡಿಸ್ಕ್‌ನ ಬೆಲೆ ಏರುತ್ತದೆ. ಬ್ಲೂ-ರೇ ಪ್ರಪಂಚದಲ್ಲಿ ಭಾರತ ‘ಸಿ’ ವಲಯ, ಅಮೆರಿಕ ‘ಎ’, ಯುರೋಪ್ ‘ಬಿ’. ಎಲ್ಲ ವಲಯಕ್ಕೂ ಆಗುವ ಡಿಸ್ಕ್‌ಗಳೂ ಬೇಕಾದಷ್ಟಿವೆ, ಆದರೆ ತರಿಸುವ ಮುನ್ನ ನೋಡಿಕೊಳ್ಳಬೇಕು. 4ಕೆ ಡಿಸ್ಕ್‌ನಲ್ಲಿ ತ್ರೀಡಿ ಇರುವುದಿಲ್ಲ, ಆ ಮಾದರಿಯಲ್ಲೇ ಅದಕ್ಕೆ ಜಾಗವಿಟ್ಟಿಲ್ಲ. ಪೆಟ್ಟಿಗೆಯ ಮೇಲೆ ತ್ರೀಡಿ ಎಂದಿದ್ದರೆ ಒಳಗೆ ಬೇರೆಯೇ ಬ್ಲೂ-ರೇ ಡಿಸ್ಕ್ ಇರುತ್ತದೆ.

ಡಿಸ್ಕ್ ಓಡಿಸುವ ಯಂತ್ರದಲ್ಲೂ ಒಂದು ತಿರುವಿದೆ. ಗೇಮ್ ಯಂತ್ರಗಳಲ್ಲಿ ಪ್ಲೇಸ್ಟೇಷನ್ 3, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಇವು ತ್ರೀಡಿ ಬ್ಲೂ-ರೇ ಓಡಿಸುತ್ತವೆ. ಹೊಸ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಓಡಿಸುವುದಿಲ್ಲ. ಹೊಸದು ಬಂತೆಂದು ಹಳೆಯ ಯಂತ್ರ ಮಾರಿಬಿಡಬೇಡಿ.

ಕಂಪ್ಯೂಟರಿನಿಂದ ಫೈಲ್ ಓಡಿಸುವವರಿಗೆ ಒಂದು ಕಿವಿಮಾತು. ಎಡ ಬಲ ಚಿತ್ರಗಳನ್ನು ಪಕ್ಕಪಕ್ಕಕ್ಕೆ ಹಿಂಡಿದ ಫೈಲ್‌ನಲ್ಲಿ ಅಡ್ಡಲಾಗಿ ಅರ್ಧ ವಿವರ ಹೋಗಿರುತ್ತದೆ. ಅದನ್ನು ಫುಲ್ ಎಚ್‌ಡಿ ಪ್ಯಾಸಿವ್ ಟಿವಿಗೆ ಹಾಕಿದರೆ ಟಿವಿ ಉದ್ದಕ್ಕೆ ಇನ್ನರ್ಧ ಕಳೆಯುತ್ತದೆ. ಉಳಿಯುವುದು ಕಾಲು ಭಾಗ. ಅಂಥ ಟಿವಿಗೆ ಮೇಲೆ ಕೆಳಗೆ ಜೋಡಿಸಿದ ಫೈಲ್ ಸೂಕ್ತ, ಏಕೆಂದರೆ ಅಲ್ಲಿ ಹೋಗುವುದು ಟಿವಿ ಹೇಗೂ ಬಿಟ್ಟುಬಿಡುವ ಸಾಲುಗಳೇ.

ಪ್ರೊಜೆಕ್ಟರ್: ಕುಟುಂಬಕ್ಕೆ ನನ್ನ ಆಯ್ಕೆ

ಟಿವಿ ಕಂಪನಿಗಳು ಬಿಟ್ಟ ತ್ರೀಡಿಯನ್ನು ಪ್ರೊಜೆಕ್ಟರ್‌ನವರು ಪೂರ್ತಿ ಬಿಟ್ಟಿಲ್ಲ. ಬೆನ್‌ಕ್ಯೂ, ಆಪ್ಟೊಮಾ, ಎಪ್ಸನ್ ಮೊದಲಾದ ಹೆಸರುಗಳ ಮನೆಬಳಕೆಯ ಹಲವು ಮಾದರಿಗಳಲ್ಲಿ ಅದು ಬಂದಿದೆ. ಡಿಎಲ್‌ಪಿ ಚಿಪ್‌ನ ಪ್ರೊಜೆಕ್ಟರ್‌ಗಳಲ್ಲಿ ಚಿಪ್ಪಿನ ಪುಟ್ಟ ಕನ್ನಡಿಗಳು ಮೈಕ್ರೋಸೆಕೆಂಡುಗಳಲ್ಲಿ ಹೊರಳುತ್ತವೆ. ಎಡಗಣ್ಣಿನ ಚಿತ್ರ ಪೂರ್ತಿ ಅಳಿದ ಮೇಲೆಯೇ ಬಲಗಣ್ಣಿನದು ಬರುತ್ತದೆ, ಹಾಗಾಗಿ ಎಲ್‌ಸಿಡಿ ಟಿವಿಯಲ್ಲಿ ಕಾಡುವ ನೆರಳು ಚಿತ್ರ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕನ್ನಡಕಗಳು ಬ್ಯಾಟರಿಯವು, ಪರದೆಯಿಂದ ಬರುವ ಕ್ಷಣಾರ್ಧದ ಮಿಂಚನ್ನು ಹಿಡಿದು ತಾಳ ಕೂಡಿಸಿಕೊಳ್ಳುತ್ತವೆ, ಬೇರೆ ಟ್ರಾನ್ಸ್‌ಮಿಟರ್ ಬೇಡ. ಕೆಲವರ ಕಣ್ಣಿಗೆ ಡಿಎಲ್‌ಪಿಯಲ್ಲಿ ಬಿಳಿ ಅಂಚುಗಳ ಸುತ್ತ ಕಾಮನಬಿಲ್ಲಿನ ಚೂರುಗಳು ಮಿನುಗುತ್ತವೆ. ನಿಮಗೆ ಹಾಗೆ ಕಾಣುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿ ತಿಳಿಯಿರಿ.

ಮುಂಬಯಿಯ ಹಾಲ್‌ನಲ್ಲಿ ಇದು ಹಿಡಿಸುತ್ತದೆಯೇ? ಸಾಮಾನ್ಯ ಪ್ರೊಜೆಕ್ಟರ್‌ಗೆ ಪರದೆಯ ಅಗಲದ ಒಂದೂಕಾಲರಿಂದ ಒಂದೂವರೆ ಪಟ್ಟು ದೂರ ಬೇಕು. 100 ಇಂಚಿಗೆ ಅದು 2.8ರಿಂದ 3.3 ಮೀಟರ್. ಹತ್ತು ಅಡಿಗೆ ಹದಿನೈದಡಿಯ ಹಾಲ್‌ನಲ್ಲಿ ಉದ್ದಕ್ಕೆ ಇಟ್ಟರೆ ಸಲೀಸು. ಹತ್ತಕ್ಕೆ ಹನ್ನೆರಡರ ಕೋಣೆಯಲ್ಲಿ 80 ಇಂಚಿಗೆ ತೃಪ್ತರಾಗಿ, ಇಲ್ಲವೇ ಒಂದು ಮೀಟರ್ ಚಿಲ್ಲರೆ ದೂರದಿಂದಲೇ ದೊಡ್ಡ ಚಿತ್ರ ಬೀರುವ ಶಾರ್ಟ್ ಥ್ರೋ ಮಾದರಿ ನೋಡಿ. ಪ್ರೊಜೆಕ್ಟರಿಗೂ ಗೋಡೆಗೂ ನಡುವೆ ಸೀಲಿಂಗ್ ಫ್ಯಾನ್ ಬರುತ್ತದೆಯೇ ಎಂಬುದನ್ನು ಏಣಿ ಹತ್ತುವ ಮೊದಲೇ ಅಳೆಯಬೇಕು. ಫ್ಯಾನಿನ ರೆಕ್ಕೆ ಕಿರಣದ ದಾರಿಯಲ್ಲಿ ಬಂದರೆ ಚಿತ್ರವೇ ಕತ್ತರಿಸುತ್ತದೆ. ಕನ್ನಡಕ ಬೆಳಕು ನುಂಗುವುದರಿಂದ ತ್ರೀಡಿಗೆ ಕತ್ತಲು ಬೇಕೇ ಬೇಕು. ಎದುರು ಕಟ್ಟಡದ ದೀಪ, ರಸ್ತೆಯ ದೀಪ ಒಳನುಗ್ಗುವ ಸ್ಲೈಡಿಂಗ್ ಕಿಟಕಿಗೆ ದಪ್ಪ ಪರದೆ ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ನಿತ್ಯದ ಧಾರಾವಾಹಿ ಸಂಜೆ ಏಳಕ್ಕೆ ದೀಪ ಹಚ್ಚಿ ನಡೆಯುವ ಮನೆಯಲ್ಲಿ ಪ್ರೊಜೆಕ್ಟರ್ ಟಿವಿಯ ಜಾಗಕ್ಕೆ ಬರಲಾರದು. ಟಿವಿಯೂ ಇರಬೇಕು.

ದಯವಿಟ್ಟು ಒಂದು ಮೋಸಕ್ಕೆ ಬಲಿಯಾಗಬೇಡಿ. ಆನ್‌ಲೈನ್‌ನಲ್ಲಿ ಆರೇಳು ಸಾವಿರಕ್ಕೆ ಸಿಗುವ ಹೆಸರಿಲ್ಲದ ಪುಟ್ಟ ಪ್ರೊಜೆಕ್ಟರ್‌ಗಳ ಪೆಟ್ಟಿಗೆಯ ಮೇಲೂ ತ್ರೀಡಿ ಎಂದಿರುತ್ತದೆ. ಹೆಚ್ಚಿನ ಸಲ ಅದರ ಅರ್ಥ ಕೆಂಪು ನೀಲಿ ಕನ್ನಡಕದ ಚಿತ್ರ ತೋರಿಸುತ್ತದೆ ಎಂದಷ್ಟೆ. ಅದನ್ನು ನಿಮ್ಮ ಮೊಬೈಲೂ ತೋರಿಸುತ್ತದೆ. ಡಿಎಲ್‌ಪಿ ಲಿಂಕ್ (ಆಗ ಹೇಳಿದ ಮಿಂಚಿನಿಂದ ಕನ್ನಡಕಕ್ಕೆ ತಾಳ ಕೂಡಿಸುವ ಏರ್ಪಾಡು) ಇದೆಯೇ, ಬ್ಲೂ-ರೇ ತ್ರೀಡಿಯನ್ನು ಎಚ್‌ಡಿಎಂಐ ಮೂಲಕ ನೇರವಾಗಿ ಸ್ವೀಕರಿಸುತ್ತದೆಯೇ ಎಂದು ಕೇಳಿ. ಅಂಗಡಿಯವರು ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಅಂಗಡಿಗಳಿಗೆ ಬರವಿಲ್ಲ, ಪುಣೆಯವರಿಗೆ ಬುಧವಾರ ಪೇಟೆಯ ತಪಕೀರ್ ಗಲ್ಲಿಯಿದೆ.

ಗೇಮ್ ಆಡುವವರಿಗೆ

ಟಿವಿಯಲ್ಲಿ ತ್ರೀಡಿ ಗೇಮ್ ಆಡುವ ಕಾಲ ಮುಗಿದಿದೆ. ಪ್ಲೇಸ್ಟೇಷನ್ 3ರ ಕಾಲದಲ್ಲಿ ಒಳ್ಳೆಯ ಕೆಲವು ಗೇಮ್‌ಗಳು ನಿಜವಾದ ತ್ರೀಡಿಯಲ್ಲಿ ಬಂದವು. ಪ್ರತಿ ಕಣ್ಣಿಗೂ ಬೇರೆ ಚಿತ್ರ ಬರೆಯಬೇಕಾದ್ದರಿಂದ ಯಂತ್ರದ ಮೇಲೆ ಹೊರೆ ಹೆಚ್ಚು ಬಿದ್ದು, ಚಿತ್ರದ ಸ್ಪಷ್ಟತೆ 720 ಸಾಲಿಗೆ ಇಳಿಯುತ್ತಿತ್ತು. ಆ ಹಳೆಯ ಯಂತ್ರ ಮತ್ತು ಡಿಸ್ಕ್‌ಗಳು ಮನೆಯಲ್ಲಿದ್ದರೆ ಖಂಡಿತ ಆಡಿ. ಗ್ರಾಫಿಕ್ಸ್ ಕಾರ್ಡ್ ತಯಾರಿಸುವ ಎನ್ವಿಡಿಯಾ ಕಂಪ್ಯೂಟರ್ ಗೇಮ್‌ಗೆಂದು ತಂದ ತ್ರೀಡಿ ವಿಷನ್ ಕನ್ನಡಕಕ್ಕೆ 2019ರಲ್ಲಿ ಬೆಂಬಲ ನಿಂತಿತು. ಅದರ ಕನ್ನಡಕದ ಪೆಟ್ಟಿಗೆ ಯಾರಾದರೂ ಅಗ್ಗಕ್ಕೆ ಕೊಟ್ಟರೆ ಹೊಸ ಕಾರ್ಡಿನ ಜೊತೆ ಅದು ನಡೆಯುವುದಿಲ್ಲ.

ಕನ್ನಡಕವೇ ಬೇಡದ ತ್ರೀಡಿ ಮಾನಿಟರುಗಳು ಈಗ ಬಂದಿವೆ. ಸ್ಯಾಮ್ಸಂಗ್‌ನ 27 ಇಂಚಿನ ಒಡಿಸ್ಸಿ ತ್ರೀಡಿ 4ಕೆ ಪರದೆಯ ಮೇಲೆ ಸೂಕ್ಷ್ಮ ಮಸೂರಗಳ ಹಾಳೆ ಹೊದಿಸಿ, ಕ್ಯಾಮೆರಾದಿಂದ ನಿಮ್ಮ ಕಣ್ಣನ್ನು ಹಿಂಬಾಲಿಸುತ್ತದೆ. ಮೇಜಿನ ಮುಂದೆ ಕುಳಿತ ಒಬ್ಬರಿಗೆ ಮಾತ್ರ ಆಳ. ಪಕ್ಕದಲ್ಲಿ ನಿಂತವರಿಗೆ ಬರಿಯ ಕಲಸುಚಿತ್ರ. ಗೇಮ್‌ಗಳ ಪಟ್ಟಿ ಇನ್ನೂ ಚಿಕ್ಕದು, ಬೆಲೆ ಲಕ್ಷ ದಾಟುತ್ತದೆ. ತಂತ್ರ ನನಗೆ ಹಿಡಿಸಿದೆ, ಆ ಬೆಲೆಗೆ ಇನ್ನೂ ಸಲಹೆ ಮಾಡಲಾರೆ.

ಉಳಿದದ್ದು ಹೆಡ್‌ಸೆಟ್, ಮತ್ತು ಗೇಮ್‌ನ ತ್ರೀಡಿ ನಿಜವಾಗಿ ಬದುಕಿರುವುದು ಅಲ್ಲೇ. ಪ್ರತಿ ಕಣ್ಣಿಗೂ ಪ್ರತ್ಯೇಕ ಚಿತ್ರ ನೇರವಾಗಿ ತಲುಪುವುದರಿಂದ ಒಂದರ ನೆರಳು ಇನ್ನೊಂದಕ್ಕೆ ಬೀಳುವ ಪ್ರಶ್ನೆಯೇ ಇಲ್ಲ. ತಲೆ ತಿರುಗಿಸಿದರೆ ಲೋಕವೂ ತಿರುಗುತ್ತದೆ. ರೇಸಿಂಗ್ ಗೇಮ್‌ನಲ್ಲಿ ತಿರುವಿನ ದೂರವನ್ನು, ವಿಮಾನದ ಗೇಮ್‌ನಲ್ಲಿ ರನ್‌ವೇಯ ಎತ್ತರವನ್ನು ಕಣ್ಣಳತೆಯಲ್ಲೇ ಹಿಡಿಯಬಹುದು. ಇಲ್ಲಿ ಆಳ ಅಲಂಕಾರವಲ್ಲ, ಆಟಕ್ಕೆ ಬೇಕಾದ ಮಾಹಿತಿ. ಕಂಪ್ಯೂಟರಿನಲ್ಲಿ ಅನ್‌ರಿಯಲ್ ಎಂಜಿನ್ ಎಂಬ ಗೇಮ್ ಕಟ್ಟುವ ತಂತ್ರಾಂಶ ಬಳಸಿದ ಎಷ್ಟೋ ಮಾಮೂಲಿ ಗೇಮ್‌ಗಳನ್ನು ಹೆಡ್‌ಸೆಟ್‌ಗೆ ತರುವ ಯುಇವಿಆರ್ ಎಂಬ ಉಚಿತ ತಂತ್ರಾಂಶವೂ 2024ರಲ್ಲಿ ಬಂದಿದೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಅದು ದೊಡ್ಡ ಭಂಡಾರ.

ಸಿನಿಮಾಕ್ಕೂ ಹೆಡ್‌ಸೆಟ್ ಆಗುತ್ತದೆ. ಅದರೊಳಗಿನ ಕೃತಕ ಥಿಯೇಟರಿನಲ್ಲಿ ಪರದೆಯನ್ನು ಹತ್ತು ಮೀಟರ್ ಅಗಲ ಮಾಡಿಕೊಂಡು ದೂರದಲ್ಲಿಟ್ಟರೆ, ಆಗ ಹೇಳಿದ ಬೆಟ್ಟ ಮತ್ತೆ ತನ್ನ ಜಾಗಕ್ಕೆ ಮರಳುತ್ತದೆ. ಕೊರತೆ ಸ್ಪಷ್ಟತೆಯಲ್ಲಿ. ಮೆಟಾ ಕ್ವೆಸ್ಟ್ 3ರಲ್ಲಿ ಕಣ್ಣಿಗೆ 2064×2208 ಬಿಂದುಗಳಿದ್ದರೂ ಅವು ಇಡೀ ನೋಟಕ್ಕೆ ಹರಡಿ, ಒಂದು ಡಿಗ್ರಿಗೆ ಸುಮಾರು 25 ಬಿಂದು ಸಿಗುತ್ತವೆ. ಐವತ್ತು ಡಿಗ್ರಿ ಅಗಲದ ಪರದೆಗೆ ಬರುವುದು 1250 ಬಿಂದು, ಫುಲ್ ಎಚ್‌ಡಿಯ 1920ಕ್ಕಿಂತ ಕಡಿಮೆ. ಜೊತೆಗೆ ಅರ್ಧ ಕಿಲೋ ಭಾರ ಮುಖದ ಮೇಲೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಕುತ್ತಿಗೆ ಒಪ್ಪುವುದು ಕಷ್ಟ. ಎಪ್ಪತ್ತು ಎಂಬತ್ತು ಗ್ರಾಂ ತೂಗುವ, ಕನ್ನಡಕದಂತೆಯೇ ಧರಿಸುವ ಎಕ್ಸ್‌ರಿಯಲ್‌ನಂಥ ಪರದೆಗಳು ಸಿನಿಮಾಕ್ಕೆ ಹೆಚ್ಚು ಹಿತ, ಅಕ್ಷರವೂ ಚೂಪು. ಆದರೆ ಫೋನಿನ ಟೈಪ್ ಸಿ ಕಿಂಡಿಯಿಂದ ಚಿತ್ರ ಹೊರಬರಬೇಕು. ಮಧ್ಯಮ ಬೆಲೆಯ ಎಷ್ಟೋ ಫೋನುಗಳಲ್ಲಿ ಆ ಸೌಲಭ್ಯವಿಲ್ಲ.

ನಮ್ಮ ಊರಿನ ಹವೆಯನ್ನೂ ಮರೆಯಬೇಡಿ. ಅಕ್ಟೋಬರಿನ ಸೆಕೆಯಲ್ಲಿ ಹೆಡ್‌ಸೆಟ್‌ನೊಳಗೆ ಬೆವರು ಇಳಿದು ಮಸೂರ ಮಂಜಾಗುತ್ತದೆ, ಫ್ಯಾನಿನ ಕೆಳಗೆ ಕುಳಿತೇ ಆಡಬೇಕು. ಕುಳಿತೇ ಎಂದದ್ದಕ್ಕೆ ಕಾರಣವಿದೆ: ನಿಂತು ಕೈ ಬೀಸುವ ಆಟಕ್ಕೆ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ಜಾಗ ಬೇಕು, ತಗ್ಗಿನ ಸೀಲಿಂಗ್ ಫ್ಯಾನಿಗೆ ಎತ್ತಿದ ಕೈ ತಾಗಿದರೆ ಅನಾಹುತ. ಮಳೆಗಾಲದಲ್ಲಿ ಮುಂಬಯಿ, ಗೋವಾ ಎರಡೂ ಕಡೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಚೀಲದೊಂದಿಗೆ ಬಿಗಿ ಡಬ್ಬಿಯಲ್ಲಿಡಿ. ಬಾಲ್ಕನಿಯ ಬಿಸಿಲು ಮಸೂರದ ಮೇಲೆ ಬೀಳಗೊಡಬೇಡಿ, ಭೂತಗನ್ನಡಿಯಂತೆ ಒಳಗಿನ ಪರದೆಯನ್ನು ಸುಟ್ಟುಬಿಡುತ್ತದೆ.

ಹೆಡ್‌ಸೆಟ್ ಪರವಾಗಿ ನನ್ನ ಮನಸ್ಸು ವಾಲುವುದಕ್ಕೆ ಗೇಮ್ ಅಲ್ಲದ ಕಾರಣವೂ ಇದೆ. ಐಫೋನ್ 15 ಪ್ರೊ ಮತ್ತು ಅದರ ಈಚಿನ ಹಲವು ಮಾದರಿಗಳಲ್ಲಿ ಫೋನಿನಿಂದಲೇ ತ್ರೀಡಿ ವಿಡಿಯೊ ತೆಗೆಯಬಹುದು, ಅದನ್ನು ಕ್ವೆಸ್ಟ್‌ಗೆ ಹಾಕಿ ನೋಡಬಹುದು. ಫೋನಿನ ಎರಡು ಕ್ಯಾಮೆರಾಗಳು ಕಣ್ಣುಗಳಿಗಿಂತ ಬಹಳ ಹತ್ತಿರವಿರುವುದರಿಂದ ದೂರದ ದೃಶ್ಯಕ್ಕೆ ಆಳ ಬರುವುದಿಲ್ಲ. ಮೂರರಿಂದ ಎಂಟು ಅಡಿಯೊಳಗಿನದು ಚೆನ್ನಾಗಿ ಬರುತ್ತದೆ. ರಜೆಗೆ ಊರಿಗೆ ಹೋದಾಗ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿರುವ ಅಜ್ಜಿಯನ್ನು ಆ ಅಂತರದಲ್ಲಿ ನಿಂತು ತೆಗೆಯಿರಿ. ಕಾವಲಿಯಿಂದ ಏಳುವ ಆವಿ ಅವರ ಕೈಗಿಂತ ಮುಂದೆ, ಮುಖಕ್ಕಿಂತ ಎಷ್ಟೋ ಮುಂದೆ ತೇಲುವುದನ್ನು ಯಾವ ಸ್ಟುಡಿಯೋದ ಚಿತ್ರವೂ ನಿಮಗೆ ಕೊಡಲಾರದು. ಹಾಲಿವುಡ್ ಡಿಸ್ಕ್ ಸಿಗದಿದ್ದರೂ ಇದು ಸಿಗುತ್ತದೆ.

ಹಳೆಯದನ್ನು ಕೊಳ್ಳಲೇಬೇಕೆಂದರೆ

ಇಷ್ಟಾದ ಮೇಲೂ ಸೆಕೆಂಡ್ ಹ್ಯಾಂಡ್ ಟಿವಿಯೇ ಬೇಕೆನ್ನುವವರು, ಅದೂ ಮಾಮೂಲಿ ಟಿವಿಯಾಗಿಯೇ ಆ ಬೆಲೆಗೆ ಯೋಗ್ಯವಾಗಿದ್ದರೆ ಮಾತ್ರ, ಮಾರುವವರ ಮನೆಗೆ ಪೆನ್‌ಡ್ರೈವಿನಲ್ಲಿ ಒಂದು ತ್ರೀಡಿ ಫೈಲ್ ತೆಗೆದುಕೊಂಡು ಹೋಗಿ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳಿರುವ ದೃಶ್ಯ ಹಾಕಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಅಕ್ಷರದ ಪಕ್ಕದಲ್ಲಿ ಎರಡನೆಯ ಅಕ್ಷರ ದಟ್ಟವಾಗಿ ಕಂಡರೆ ಬೇಡ. ಸೋಫಾದಲ್ಲಿ ಕುಳಿತು, ಆಮೇಲೆ ನೆಲದಲ್ಲಿ ಕುಳಿತು ನೋಡಿ. ಆರಂಭದ ಕೆಲವು ಮಾದರಿಗಳಿಗೆ ಕನ್ನಡಕದ ಸಂಕೇತ ಕಳಿಸುವ ಬಿಡಿ ಸಾಧನ ಬೇಕಿತ್ತು. ಅದು ಕಳೆದುಹೋಗಿದ್ದರೆ ತ್ರೀಡಿಯೂ ಇಲ್ಲ. ಒಂದು ಕಂಪನಿಯ ಆ್ಯಕ್ಟಿವ್ ಕನ್ನಡಕ ಇನ್ನೊಂದರ ಟಿವಿಗೆ ಹೊಂದುತ್ತದೆಂಬ ಭರವಸೆಯಿಲ್ಲ, ಹೊಸ ಕನ್ನಡಕ ಹುಡುಕುವುದೂ ಕಷ್ಟ. ಆದ್ದರಿಂದ ಅವರ ಬಳಿ ಇರುವಷ್ಟು ಕನ್ನಡಕಗಳನ್ನೂ ಚಾರ್ಜಿಗೆ ಹಾಕಿಸಿ, ಟೀ ಕುಡಿಯುವಷ್ಟು ಹೊತ್ತು ಕಾದು, ಪ್ರತಿಯೊಂದನ್ನೂ ಹಾಕಿಕೊಂಡು ನೋಡಿ. ಒಳಗೇ ಮುಚ್ಚಿದ ಬ್ಯಾಟರಿ ಸತ್ತ ಕನ್ನಡಕವನ್ನು ಲೆಕ್ಕದಿಂದ ತೆಗೆದ ಮೇಲೆ ಉಳಿದವು ನಿಮ್ಮ ಮನೆಯ ತಲೆಗಳಿಗೆ ಸಾಲದಿದ್ದರೆ, ಬೆಲೆ ಎಷ್ಟೇ ಇಳಿಸಿದರೂ ಆ ಟಿವಿಯನ್ನು ಟೆಂಪೊಗೆ ಹತ್ತಿಸಬೇಡಿ.